ಸಾರ್ವಜನಿಕ ನೀತಿಯ ಪ್ರಾಧ್ಯಾಪಕ ಮತ್ತು ರಾಜಕೀಯ ವಿಶ್ಲೇಷಕ: ಮುಂಬಯಿ ಕನ್ನಡಿಗರಿಗೊಂದು ಮಾರ್ಗದರ್ಶಿ

ಈ ವೃತ್ತಿಯನ್ನು ಬಯಸುವವರು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಅಥವಾ ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕು. 1930ರಲ್ಲಿ ಸ್ಥಾಪನೆಯಾದ ಪುಣೆಯ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆಯೂ 1936ರಲ್ಲಿ ಆರಂಭವಾದ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ ಹತ್ತಿರದಲ್ಲೇ ಇವೆ. ಬಳಿಕ ಕಾಲೇಜು ಅಧ್ಯಾಪನದ ಅರ್ಹತೆಗಾಗಿ ರಾಷ್ಟ್ರಮಟ್ಟದ ನೆಟ್ ಪರೀಕ್ಷೆ ಅಥವಾ ಮಹಾರಾಷ್ಟ್ರ ಮತ್ತು ಗೋವಾಗಳಿಗಾಗಿ ಪುಣೆ ವಿಶ್ವವಿದ್ಯಾಲಯ ನಡೆಸುವ ಸೆಟ್ ಪರೀಕ್ಷೆ, ಜೊತೆಗೆ ಪಿಎಚ್.ಡಿ.

ಸಂಶೋಧನೆಗೆ ದಿಲ್ಲಿಯ ಕಡೆ ನೋಡುವ ಮೊದಲು ಮುಂಬಯಿ ಮಹಾನಗರಪಾಲಿಕೆಯನ್ನೇ ಅಧ್ಯಯನ ಮಾಡುವುದು ಒಳಿತೆಂದು ನನ್ನ ಅಭಿಪ್ರಾಯ. ಸಂವಿಧಾನದ 74ನೇ ತಿದ್ದುಪಡಿಯು ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ 18 ವಿಷಯಗಳನ್ನು ಪಟ್ಟಿ ಮಾಡಿದೆಯಾದರೂ, ಮುಂಬಯಿಯಲ್ಲಿ ಕೊಳೆಗೇರಿ ಪುನರ್ವಸತಿ, ಮೆಟ್ರೊ ಮಾರ್ಗಗಳ ನಿರ್ಮಾಣ ಮುಂತಾದವು ರಾಜ್ಯ ಸರಕಾರದ ಪ್ರಾಧಿಕಾರಗಳ ಕೈಯಲ್ಲಿವೆ. ಪಾಲಿಕೆಯೊಳಗೂ, 1888ರ ಮುಂಬಯಿ ಮಹಾನಗರಪಾಲಿಕೆ ಕಾಯಿದೆಯ ಪ್ರಕಾರ, ಕಾರ್ಯಾಂಗದ ಅಧಿಕಾರವಿರುವುದು ಮೇಯರ್ ಬಳಿ ಅಲ್ಲ, ರಾಜ್ಯ ಸರಕಾರ ನೇಮಿಸುವ ಆಯುಕ್ತರ ಬಳಿ. ಮೇಯರ್ ಕುರ್ಚಿಗಾಗಿ ನಡೆಯುವ ಕದನವನ್ನು ವರ್ಣಿಸುವ ವಿಶ್ಲೇಷಕರಲ್ಲಿ ಹಲವರು ಇದನ್ನು ಹೇಳುವುದೇ ಇಲ್ಲ! ಬಜೆಟ್ ಓದುವಾಗ ಅಂದಾಜು, ಪರಿಷ್ಕೃತ ಅಂದಾಜು ಮತ್ತು ನೈಜ ವೆಚ್ಚಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಸಿಗದ ದಾಖಲೆಗೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ.

ಮೊದಲ ಅಂಕಣಗಳನ್ನು ಮುಂಬಯಿಯ ಕನ್ನಡ ಪತ್ರಿಕೆಗಳಿಗೆ ಬರೆಯಿರಿ. ಯಾವುದೇ ಪಕ್ಷಕ್ಕೆ ಸಲಹೆಗಾರರಾಗಿದ್ದರೆ ಅದನ್ನು ಓದುಗರಿಗೆ ಮೊದಲೇ ತಿಳಿಸಬೇಕು. ಟಿವಿ ಚರ್ಚೆಯಲ್ಲಿ ಯಾರು ಗೆಲ್ಲುತ್ತಾರೆಂದು ಕೇಳಿದಾಗ, ಸಮೀಕ್ಷೆಯ ಆಧಾರವಿಲ್ಲದಿದ್ದರೆ ಭವಿಷ್ಯ ನುಡಿಯದೆ, ಗೆದ್ದವರ ಕೈಗೆ ಯಾವ ಅಧಿಕಾರ ಬರುತ್ತದೆ ಎಂಬುದನ್ನು ವಿವರಿಸಿ.