ಬೋರ್ಡು ಬರೆಸುವ ಮೊದಲು ನಲ್ಲಿಯ ಜಾಗ ನೋಡಿ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಣ್ಣ ಊರಿನ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ 11 ವರ್ಷಗಳಿಂದ ಕಾರ್ಯದರ್ಶಿಯಾಗಿದ್ದೇನೆ. ನಮ್ಮ ಡೈರಿಯ ಗೋಡೆಯ ಮೇಲೆ ‘ಕ್ಯಾನು ತೊಳೆದು ತನ್ನಿ’ ಎಂದು ಕೆಂಪು ಬಣ್ಣದಲ್ಲಿ ಬರೆಸಿದವಳು ನಾನೇ. ಎರಡು ವರ್ಷ ಆ ಅಕ್ಷರಗಳು ಎಲ್ಲರ ಕಣ್ಣೆದುರಿಗಿದ್ದವು. ಕ್ಯಾನುಗಳ ಕಂಠದಲ್ಲಿ ಹಿಂದಿನ ಹೊತ್ತಿನ ಹಾಲಿನ ಹಳದಿ ಪೊರೆಯೂ ಹಾಗೆಯೇ ಇತ್ತು. ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ 20–30 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಹಾಲನ್ನು 4 ಡಿಗ್ರಿಗೆ ತಣಿಸುವ ಹೊತ್ತಿಗೆ ಅವು ಎಷ್ಟೋ ಬಾರಿ ಇಮ್ಮಡಿಯಾಗಿರುತ್ತವೆ. ಬೇಸಿಗೆಯಲ್ಲಿ ಒಬ್ಬರ ಕ್ಯಾನಿನ ಪೊರೆಯಿಂದ ಎಲ್ಲರ ಹಾಲೂ ಒಡೆದ ದಿನಗಳನ್ನು ನಾನು ಕಂಡಿದ್ದೇನೆ.

ನಿಮ್ಮ ಶಾಲೆ, ಅಂಗಡಿ, ಮನೆ ಎಲ್ಲಿಯಾದರೂ ಸರಿ, ಜನರ ಒಂದು ಅಭ್ಯಾಸ ಬದಲಾಗಬೇಕೆಂದಿದ್ದರೆ ಮೊದಲು ಒಂದು ವಾರ ಏನನ್ನೂ ಹೇಳದೆ ಸುಮ್ಮನೆ ನೋಡಿ. ಮುಖ ನೋಡಬೇಡಿ, ಕಾಲು ಮತ್ತು ಕೈಗಳನ್ನು ನೋಡಿ. ಯಾರು ಎಲ್ಲಿಂದ ಬಂದರು, ಎಲ್ಲಿ ನಿಂತರು, ಕೈಯಲ್ಲಿ ಏನಿತ್ತು, ಯಾವ ಬಾಗಿಲಿನಿಂದ ಹೋದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ.

ನಾನು ಕಂಡದ್ದು ಇಷ್ಟು. ಬೆಳಿಗ್ಗೆ ಆರೂವರೆಗೆ ಬರುವ ಹೆಂಗಸರು ಹಾಲು ಸುರಿದು, ಟೆಸ್ಟರ್ ಯಂತ್ರದ ಮುಂದೆ ಒಂದು ನಿಮಿಷ ನಿಂತು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಬರೆದ ಚೀಟಿ ಪಡೆದು, ಪಕ್ಕದ ಬಾಗಿಲಿನಿಂದ ನೇರ ರಸ್ತೆಗೆ ಇಳಿಯುತ್ತಿದ್ದರು. ನಲ್ಲಿ ಇದ್ದದ್ದು ಕಟ್ಟಡದ ಹಿಂದೆ, ಹಿಂಡಿ ಮೂಟೆಗಳ ಕೋಣೆಯ ಆಚೆ, ಸದಾ ಕೊಚ್ಚೆಯಾಗಿರುವ ಜಾಗದಲ್ಲಿ. ಹೆಜ್ಜೆ ಎಣಿಸಿದೆ, 42. ಒಬ್ಬ ಅಜ್ಜಿಯನ್ನು ಕೇಳಿದಾಗ, ‘ತೊಳೆಯಬಾರದು ಎಂದೇನಿಲ್ಲ ಕಣಮ್ಮಾ. ಅಲ್ಲಿಗೆ ಹೋದರೆ ಸೀರೆಯೆಲ್ಲ ಕೆಸರು. ಮೊಮ್ಮಗನನ್ನು ಶಾಲೆಗೆ ಕಳಿಸುವುದು ಯಾರು?’ ಎಂದರು. ಎರಡು ವರ್ಷ ನಾನು ಇವರನ್ನು ಮನಸ್ಸಿನಲ್ಲೇ ಸೋಮಾರಿಗಳೆಂದು ಬೈದುಕೊಂಡಿದ್ದೆ. ಆ ಮಾತು ಕೇಳಿದ ದಿನ ನನಗೆ ನಿಜಕ್ಕೂ ನೋವಾಯಿತು.

ಎರಡನೆಯ ಕೆಲಸ, ಬೇಕಾದ ವಸ್ತುವನ್ನು ಜನ ಈಗಾಗಲೇ ನಡೆಯುವ ದಾರಿಗೇ ತರುವುದು. ಪೈಪು ಎಳೆಸಿ ಹೊರಬಾಗಿಲಿನ ಪಕ್ಕದಲ್ಲೇ ಎರಡು ನಲ್ಲಿ ಹಾಕಿಸಿದೆವು. ಇಲ್ಲಿ ಅಳತೆಗಳ ಬಗ್ಗೆ ತುಂಬಾ ಎಚ್ಚರ ಬೇಕು. ಮೊದಲು ನಲ್ಲಿಯನ್ನು ನೆಲದ ಹತ್ತಿರ ಇಟ್ಟಿದ್ದೆವು. ಮಂಡಿ ನೋವಿರುವವರು ಅದರ ಕಡೆಗೆ ತಿರುಗಿಯೂ ನೋಡಲಿಲ್ಲ. ಆಮೇಲೆ ಸೊಂಟದ ಎತ್ತರಕ್ಕೆ ಚಪ್ಪಡಿ ಕಲ್ಲಿನ ಕಟ್ಟೆ ಕಟ್ಟಿಸಿ, ನೀರು ಮೈಮೇಲೆ ಸಿಡಿಯದಂತೆ ಕಲ್ಲನ್ನು ಗೋಡೆಯ ಕಡೆಗೆ ಸ್ವಲ್ಪ ವಾಲಿಸಿದೆವು. ಬಚ್ಚಲ ನೀರು ಸೀಮೆಹುಲ್ಲಿನ ಪಾತಿಗೆ ಹೋಗುತ್ತದೆ. ಕ್ಯಾನಿನ ಬಾಯಿ ಕಿರಿದು, ಒಳಗೆ ಕೈ ಹೋಗುವುದಿಲ್ಲ. ಅದಕ್ಕೆ ಉದ್ದ ಹಿಡಿಯ ಬ್ರಷ್ಷನ್ನು ನಲ್ಲಿಗೇ ದಾರದಿಂದ ಕಟ್ಟಿದೆವು. ಹಾಲು ಸುರಿದ ಕೂಡಲೇ ತಣ್ಣೀರಿನಲ್ಲಿ ಉಜ್ಜಿದರೆ ಪೊರೆ ಕಟ್ಟುವುದಿಲ್ಲ. ಒಣಗಿದ ಮೇಲಾದರೆ ಬಿಸಿನೀರು, ಸೋಪು, ತೋಳಿನ ಬಲ ಎಲ್ಲವೂ ಬೇಕು.

ಇಷ್ಟಾದರೂ ಅರ್ಧದಷ್ಟು ಜನ ಮಾತ್ರ ತೊಳೆಯತೊಡಗಿದರು. ಪೂರ್ತಿ ಬದಲಾವಣೆ ತಂದದ್ದು ಚೀಟಿ ಕೊಡುವ ಜಾಗ. ಯಂತ್ರ ಒಂದು ನಿಮಿಷ ತೆಗೆದುಕೊಳ್ಳುತ್ತದೆ, ಆ ಒಂದು ನಿಮಿಷ ಎಲ್ಲರೂ ಖಾಲಿ ಕ್ಯಾನು ಹಿಡಿದು ಸುಮ್ಮನೆ ನಿಂತಿರುತ್ತಿದ್ದರು. ಚೀಟಿಯನ್ನು ಯಂತ್ರದ ಬಳಿ ಕೊಡುವುದನ್ನು ನಿಲ್ಲಿಸಿ, ನಲ್ಲಿಯ ಪಕ್ಕದ ಕಿಟಕಿಯಿಂದ ಕೊಡಲು ಶುರುಮಾಡಿದೆ. ಕಾಯುವ ನಿಮಿಷ ನಲ್ಲಿಯ ಮುಂದೆ ಬಂತು, ಕೈ ತಾನಾಗಿ ಬ್ರಷ್ಷಿನ ಕಡೆಗೆ ಹೋಯಿತು. ನೀವು ಇಡೀ ಲೇಖನ ಮರೆತರೂ ಇದೊಂದನ್ನು ಮಾಡಿ ನೋಡಿ: ಜನ ಎಲ್ಲಿ ಕಾಯುತ್ತಾರೋ ಆಗಬೇಕಾದ ಕೆಲಸವನ್ನು ಅಲ್ಲಿಗೆ ಒಯ್ಯಿರಿ, ಇಲ್ಲವೇ ಕಾಯುವುದನ್ನೇ ಕೆಲಸದ ಬಳಿಗೆ ತನ್ನಿ.

ದಾರಿ ಕಣ್ಣಿಗೆ ಬೀಳದ ಕಡೆ ಗುರುತು ಹಾಕಬೇಕು. ಬಾಂಗ್ಲಾದೇಶದ ಎರಡು ಹಳ್ಳಿ ಶಾಲೆಗಳಲ್ಲಿ ಶೌಚಾಲಯದಿಂದ ಕೈ ತೊಳೆಯುವ ಜಾಗದವರೆಗೆ ಬಣ್ಣದ ಹಾದಿ ಮಾಡಿ, ಅದರ ಮೇಲೆ ಹೆಜ್ಜೆ ಗುರುತು ಬಿಡಿಸಿದ್ದರು. ಮೊದಲು ನೂರಕ್ಕೆ 4 ಸಲ ಮಾತ್ರ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ ಮಕ್ಕಳು ಆರು ವಾರಗಳ ನಂತರ ನೂರಕ್ಕೆ 74 ಸಲ ತೊಳೆಯುತ್ತಿದ್ದರು. ಒಂದು ಮಾತೂ ಬೋಧಿಸಿರಲಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನ ಇದು. ನಮ್ಮ ಊರಿನ ಅಂಗನವಾಡಿಯಲ್ಲೂ ಹೆಜ್ಜೆ ಬಿಡಿಸಿದೆವು. ಗೋಡೆಯ ಬಣ್ಣ ಬಳಸಿದ್ದರಿಂದ ತಿಂಗಳೊಳಗೆ ಸವೆಯಿತು, ನೀವು ನೆಲಕ್ಕೆ ಹಚ್ಚುವ ಬಣ್ಣವನ್ನೇ ತನ್ನಿ.

ಕೊಟ್ಟಿಗೆಗೂ ಇದೇ ಉಪಾಯ. ಹಾಲು ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಅರ್ಧ ಗಂಟೆಯಾದರೂ ತೆರೆದಿರುತ್ತದೆ. ಹಸು ಆಗಲೇ ಸಗಣಿಯ ಮೇಲೆ ಮಲಗಿದರೆ ಕೆಚ್ಚಲು ಬಾವಿನ ಭಯ. ಹಸುವಿಗೆ ಬುದ್ಧಿ ಹೇಳಲು ಆಗುತ್ತದೆಯೇ? ಕರೆದ ಕೂಡಲೇ ಮುಂದೆ ಹಸಿ ಮೇವು ಹಾಕಿ, ತಾನಾಗಿ ನಿಂತೇ ಇರುತ್ತದೆ. ಕರೆದ ಮೇಲೆ ಸೋಂಕು ತಗಲದಂತೆ ತೊಟ್ಟು ಅದ್ದುವ ಔಷಧದ ಲೋಟವನ್ನು ಅಟ್ಟದ ಮೇಲೆ ಇಡಬೇಡಿ, ಕಾಲು ಕಟ್ಟುವ ಹಗ್ಗದ ಮೊಳೆಗೇ ನೇತು ಹಾಕಿ. ಹಗ್ಗ ಮರಳಿ ಇಡುವಾಗ ಕೈಗೆ ಲೋಟ ತಾಗುತ್ತದೆ.

ಈ ವಿದ್ಯೆಯನ್ನು ಕೆಟ್ಟದ್ದಕ್ಕೂ ಬಳಸಬಹುದು. ಒಮ್ಮೆ ಒಬ್ಬರು ನನ್ನ ಬಳಿ ಒಂದು ಅರ್ಜಿಯ ಕಟ್ಟು ತಂದಿದ್ದರು. ಹಾಲಿನ ಬಟವಾಡೆಯಿಂದ ಹಣ ಕಡಿತಕ್ಕೆ ಒಪ್ಪಿಗೆ ಎಂಬ ಚೌಕದಲ್ಲಿ ಮೊದಲೇ ಗುರುತು ಅಚ್ಚಾಗಿತ್ತು. ಬೇಡವೆನ್ನುವವರು ಕೋಲಾರದವರೆಗೆ ಹೋಗಿ ಬರೆದುಕೊಡಬೇಕಿತ್ತು. ನಾನು ಆ ಕಟ್ಟನ್ನು ಹಿಂದಿರುಗಿಸಿದೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇಂತಹ ಅಡೆತಡೆಗಳನ್ನು ‘ಸ್ಲಡ್ಜ್’ ಎಂದು ಕರೆಯುತ್ತಾರೆ, ಅಂದರೆ ರಾಡಿ, ಕೆಸರು. ನಮ್ಮ ಹಳೆಯ ನಲ್ಲಿಯ ಸುತ್ತ ಇದ್ದದ್ದೂ ಅದೇ. ಏನನ್ನು ಏಕೆ ಬದಲಿಸಿದೆವು ಎಂದು ಸದಸ್ಯರ ಸಭೆಯಲ್ಲಿ ಬಾಯಿಬಿಟ್ಟು ಹೇಳಲು ಆಗುವಂಥದ್ದನ್ನು ಮಾತ್ರ ಮಾಡಿ. ನಲ್ಲಿ, ಕಿಟಕಿ ಎರಡರ ಬಗ್ಗೆಯೂ ನಾನು ಹೇಳಿದ್ದೆ. ಗೊತ್ತಿದ್ದರೂ ಅವರ ಕೈ ಬ್ರಷ್ಷಿಗೆ ಹೋಗುವುದು ನಿಂತಿಲ್ಲ.

ಕೊನೆಯದಾಗಿ, ಒಂದೇ ಹೊತ್ತು ನೋಡಿ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಬೆಳಗಿನ ಸರದಿಯಲ್ಲಿ ಎಲ್ಲರೂ ತೊಳೆಯುತ್ತಿದ್ದರು, ಸಂಜೆ ಯಾರೂ ತೊಳೆಯುತ್ತಿರಲಿಲ್ಲ. ಕಾರ್ತಿಕದಲ್ಲಿ ಬೇಗ ಕತ್ತಲಾಗುತ್ತದೆ, ಕ್ಯಾನಿನ ಒಳಗೆ ಏನೂ ಕಾಣುವುದಿಲ್ಲ. ನಲ್ಲಿಯ ಮೇಲೆ ಒಂದು ಬಲ್ಬು ಹಾಕಿಸಿದೆ. ಅದರ ಸ್ವಿಚ್ಚು ಟೆಸ್ಟರ್ ಯಂತ್ರದ ಸ್ವಿಚ್ಚಿನ ಜೊತೆಗೇ ಇದೆ, ಯಂತ್ರ ಹಚ್ಚಿದಾಗ ದೀಪವೂ ಹತ್ತುತ್ತದೆ.