ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿದೆ, ವೈಫೈ ಕಾಣಲಿಲ್ಲ

ಗಂಗಾವತಿಯಲ್ಲಿ ಓದುವ ನಮ್ಮ ಅಣ್ಣನ ಮಗಳ ಲ್ಯಾಪ್‌ಟಾಪ್ ಹತ್ತು ವರ್ಷದ್ದು. ವಿಂಡೋಸ್ ತೆರೆಯೋಕೇ ಐದು ನಿಮಿಷ ಬೇಕಿತ್ತು. ಒಂದು ಭಾನುವಾರ ಕೊಪ್ಪಳದಿಂದ ಬಸ್ ಹತ್ತಿ ಹೋಗಿ ವಿಂಡೋಸ್ ಬದಲು ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್ ಉಬುಂಟು 24.04 ಹಾಕಿಕೊಟ್ಟೆ. ಎಲ್ಲ ಸರಾಗವಾಗಿ ಆಯಿತು, ಆದರೆ ವೈಫೈ ಗುರುತೇ ಇಲ್ಲ. "ಕಾಕಾ, ನೆಟ್ ಇಲ್ದಿದ್ರ ಇದನ್ನ ತಗೊಂಡು ಏನ್ ಮಾಡ್ಲಿ?" ಅಂದಳು.

ಮೊದಲೆಲ್ಲ ನಾನು ಇಂಥ ಹೊತ್ತಿನಲ್ಲಿ ಸಿಕ್ಕ ಸಿಕ್ಕ ಕಮಾಂಡ್ ಹೊಡೆಯುತ್ತಿದ್ದೆ, ಕೊನೆಗೆ ಎರಡು ಮೂರು ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶ) ಸೇರಿ ಒಂದಕ್ಕೊಂದು ಅಡ್ಡ ಬರುತ್ತಿದ್ದವು. ಈಗ ಮೊದಲು ವೈಫೈ ಕಾರ್ಡ್ ಯಾವುದು ಅಂತ ನೋಡುತ್ತೇನೆ. ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಬರೆದು, ಮುಂದೆ ಮೈನಸ್ ಎನ್‌ಎನ್‌ಕೆ ಸೇರಿಸಿದರೆ (lspci -nnk) ಸಾಕು. ಬ್ರಾಡ್‌ಕಾಮ್ ಬಿಸಿಎಂ43142 ಅಂತ ಬಂತು, ಐಡಿ 14ಇ4:4365. ಕೆಳಗೆ ಡ್ರೈವರ್ ಜಾಗದಲ್ಲಿ ಬಿಸಿಎಂಎ ಅನ್ನುವ ಹೆಸರೂ ಇತ್ತು. ಇಲ್ಲೇ ಜಾಸ್ತಿ ಜನ ದಾರಿ ತಪ್ಪುವುದು. ಹೆಸರು ಇದೆಯಲ್ಲ, ಡ್ರೈವರ್ ಇದೆ ಅಂದುಕೊಳ್ಳುತ್ತೇವೆ, ಆದರೆ ಅದು ಚಿಪ್ಪನ್ನು ಗುರುತಿಸುತ್ತದೆ ಅಷ್ಟೇ, ವೈಫೈ ನಡೆಸುವುದಿಲ್ಲ. ಈ ಚಿಪ್ಪಿಗೆ ಬೇಕಾದದ್ದು ಡಬ್ಲ್ಯುಎಲ್ ಡ್ರೈವರ್. ಅದು ಉಬುಂಟುವಿನ ತಿರುಳಾದ ಕರ್ನಲ್ ಜೊತೆ ಬರುವುದಿಲ್ಲ, ಬೇರೆ ಹಾಕಬೇಕು.

ಹಾಕೋಕೆ ನೆಟ್ ಬೇಕಲ್ವಾ? ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಫೋನಿನ ನೆಟ್ ಲ್ಯಾಪ್‌ಟಾಪ್‌ಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಮೊದಲ ಕೇಬಲ್‌ನಲ್ಲಿ ಬರೀ ಚಾರ್ಜ್ ಆಯಿತು, ಡೇಟಾ ತಂತಿ ಇಲ್ಲದ ಕೇಬಲ್‌ಗಳೂ ಇರುತ್ತವೆ, ಬದಲಿಸಿದ ಮೇಲೆ ನೆಟ್ ಬಂತು. ಉಬುಂಟುಗೆ ತಂತ್ರಾಂಶ ಹಾಕುವ ಆಪ್ಟ್ ಕಮಾಂಡ್‌ನಿಂದ, ಡಬ್ಲ್ಯುಎಲ್ ಡ್ರೈವರ್ ಇರುವ ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್ ಪ್ಯಾಕೇಜ್ ಹಾಕಿದೆ. ಅಡ್ಡ ಬರುವ ಬಿಸಿಎಂಎ, ಬಿ43 ಡ್ರೈವರ್‌ಗಳನ್ನು ಅದೇ ತಡೆಹಿಡಿಯುತ್ತದೆ. ನಡುವೆ ಒಂದು ಪಾಸ್‌ವರ್ಡ್ ಕೇಳಿತು, ಕೊಟ್ಟು ರೀಸ್ಟಾರ್ಟ್ ಮಾಡಿದೆ.

ಅಷ್ಟರಲ್ಲಿ ಅತ್ತಿಗೆ ಒಗ್ಗರಣೆ ಮಿರ್ಚಿ ತಿನ್ನೋಕೆ ಕರೆದರು, ಎದ್ದು ಹೋದೆ. ವಾಪಸ್ ಬಂದು ನೋಡಿದರೆ ಉಬುಂಟು ತೆರೆದಿದೆ, ವೈಫೈ ಮಾತ್ರ ಇಲ್ಲ. ಡ್ರೈವರ್ ಎಬ್ಬಿಸಲು ಮಾಡ್‌ಪ್ರೋಬ್ ಡಬ್ಲ್ಯುಎಲ್ ಅಂತ ಹೊಡೆದಾಗ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್", ಅಂದರೆ ಕೀ ಒಪ್ಪಲಿಲ್ಲ ಅಂತ ಬಂತು. ಆಗ ಹೊಳೆಯಿತು. ಲ್ಯಾಪ್‌ಟಾಪ್ ಶುರುವಾಗುವಾಗ ನಂಬಿಕೆಯ ತಂತ್ರಾಂಶವನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಒಪ್ಪಿಗೆ ಆಗದ ಡ್ರೈವರ್ ಒಳಗೆ ಬರುವುದಿಲ್ಲ. ರೀಸ್ಟಾರ್ಟ್ ಆಗುವಾಗ ನೀಲಿ ಪರದೆಯಲ್ಲಿ ಆ ಒಪ್ಪಿಗೆ ಕೇಳುತ್ತದೆ, ಹತ್ತು ಸೆಕೆಂಡ್ ಕಾಯ್ದು ಮುಂದೆ ಹೋಗಿಬಿಡುತ್ತದೆ. ನಾನು ಮಿರ್ಚಿ ತಿನ್ನುವಾಗ ಅದು ಬಂದು ಹೋಗಿತ್ತು.

ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್ ಆದ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಬಹುದಿತ್ತು. ನನಗೆ ಅದು ಇಷ್ಟವಿಲ್ಲ, ಡ್ರೈವರ್ ಸಹಿ ಒಪ್ಪಿಸುವ ಒಂದು ಕೀ ಸೇರಿಸಿದರೆ ಮುಗಿಯುವ ಕೆಲಸಕ್ಕೆ ಬೀಗವನ್ನೇ ಯಾಕೆ ಕೀಳಬೇಕು? ಮೊಕ್‌ಯುಟಿಲ್ ಇಂಪೋರ್ಟ್ ಕಮಾಂಡ್‌ನಿಂದ ಕೀಯನ್ನು ಮತ್ತೆ ಒಪ್ಪಿಗೆಗೆ ಇಟ್ಟೆ. ಈ ಸಲ ಪರದೆ ಮುಂದಿಂದ ಏಳಲಿಲ್ಲ. ಎನ್‌ರೋಲ್ ಮೊಕ್, ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್. ವೈಫೈ ಬಂತು.

"ಕಾಕಾ, ನಮ್ಮನಿ 5ಜಿ ಹೆಸರಿಂದು ಕಾಣವಲ್ದು" ಅಂದಳು. ಅದು ಡ್ರೈವರ್ ದೋಷ ಅಲ್ಲ, ಆ ಹೆಸರಿನದು 5 ಗಿಗಾಹರ್ಟ್ಜ್ ವೈಫೈ, ಈ ಕಾರ್ಡ್ ಹಿಡಿಯುವುದು 2.4 ಗಿಗಾಹರ್ಟ್ಜ್ ಮಾತ್ರ. ರೂಟರ್‌ನ ಇನ್ನೊಂದು ಹೆಸರಿಗೆ ಸೇರಿಸಿಕೊಟ್ಟೆ. ಕರ್ನಲ್ ಅಪ್‌ಡೇಟ್ ಆದ ಮೇಲೆ ವೈಫೈ ಮತ್ತೆ ಹೋದರೆ ಲ್ಯಾಪ್‌ಟಾಪ್ ಶುರುವಾಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೇ ಕರ್ನಲ್ ಆರಿಸಿಕೋ, ಆಮೇಲೆ ನನಗೆ ಫೋನ್ ಮಾಡು ಅಂದೆ. ಡೇಟಾ ಹೋಗುವ ಆ ಕೇಬಲ್ಲನ್ನೂ ಅವಳ ಬ್ಯಾಗಿನಲ್ಲೇ ಇಟ್ಟು ಬಂದೆ.