ಎರೆ ಹೊಲಕ್ಕೆ ಹಳೇ ಡೀಸೆಲ್ ಫೋರ್ ಬೈ ಫೋರ್: ಮೂರನೇ ಸಲ ಸರಿಯಾಗಿ ಆರಿಸಿದೆ

ಹೋದ ಸೆಪ್ಟೆಂಬರ್ ಮಳೆಯಲ್ಲಿ ತಾವರಗೇರಾ ಕಡೆ ಒಂದು ಹೊಲದಿಂದ ಬೋರಿನ ಮೋಟರ್ ಎತ್ತಿಕೊಂಡು ಹೊರಟಾಗ ರಾತ್ರಿ ಎಂಟು ಗಂಟೆ. ಡಾಂಬರು ರಸ್ತೆ ಸಿಗಬೇಕಾದರೆ ಒಂದೂವರೆ ಕಿಲೋಮೀಟರ್ ಬಂಡಿ ದಾರಿ, ಎಲ್ಲಾ ಹಸಿ ಎರೆ, ಅಂದರೆ ಕಪ್ಪು ಮಣ್ಣು. ಗಾಡಿಯಲ್ಲಿ 10 ಎಚ್‌ಪಿ ಮೋಟರ್, ಕೇಬಲ್ ಸುರುಳಿ, ಚೈನ್ ಪುಲ್ಲಿ, ಮೂರು ಕಾಲಿನ ಸ್ಟ್ಯಾಂಡ್, ಮೂವರು ಹುಡುಗರು. ಅದೇ ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಟ್ರೇಲಿ ಸಮೇತ ಹೂತು ನಿಂತಿತ್ತು. ನಾವು ಅದರ ಪಕ್ಕದಲ್ಲೇ ಸುತ್ತಿಕೊಂಡು, ಎರಡನೇ ಗೇರಿನಲ್ಲಿ, ಎಲ್ಲೂ ನಿಲ್ಲದೆ ರಸ್ತೆಗೆ ಬಂದೆವು. ಆ ಟ್ರ್ಯಾಕ್ಟರ್ ನನ್ನ ಕಾಕಾನದು. 2021ರಲ್ಲಿ ನಾನು ಈ ಹಳೇ ಮಹೀಂದ್ರಾ ಥಾರ್ ಡಿಐ ತರುವಾಗ ಎಲ್ಲರಿಗಿಂತ ಜಾಸ್ತಿ ಬೈದವರು ಅವರೇ. "ಊರಾಗ ಎರಡು ಟ್ರ್ಯಾಕ್ಟರ್ ಅದಾವು. ಹಳೇ ಡೀಸಲ್ ಜೀಪ್ ಅಂದ್ರ ಆನಿ ಸಾಕಿದಂಗ ಆಗತೈತಿ ತಮ್ಮಾ. ಒಮ್ಮೆ ಸುಟ್ಕೊಂಡದ್ದು ಸಾಲದೇನು?" ಅಂದಿದ್ದರು.

ಒಮ್ಮೆ ಸುಟ್ಟುಕೊಂಡಿದ್ದು ನಿಜ. ಅದನ್ನೇ ಮೊದಲು ಹೇಳುತ್ತೇನೆ.

ನನ್ನ ಕೆಲಸ ಬೋರ್ ಮೋಟರ್ ಇಳಿಸುವುದು, ಎತ್ತುವುದು, ರಿಪೇರಿ. ಊರು ರಾಯಚೂರು ಜಿಲ್ಲೆಯ ಮಸ್ಕಿ ಹತ್ತಿರ. ಮುದಗಲ್ ಕಡೆ ಹೋದರೆ ಮಸಾರಿ ಅನ್ನುವ ಕೆಂಪು ಮಣ್ಣು, ಕಲ್ಲುಗುಂಡು. ಸಿಂಧನೂರು ಕಡೆ ಇಳಿದರೆ ತುಂಗಭದ್ರಾ ಎಡದಂಡೆ ಕಾಲುವೆ, ಗದ್ದೆ, ಎರೆ. ಎರಡಕ್ಕೂ ಒಂದೇ ಗಾಡಿ ಬೇಕು. 2019ರಲ್ಲಿ ನಾನು ತಂದದ್ದು ದೆಹಲಿಯ ಗಾಡಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ದೊಡ್ಡ ದೊಡ್ಡ ಡೀಸೆಲ್ ಗಾಡಿಗಳು ಆಗ ಅಲ್ಲಿಂದ ಅಗ್ಗಕ್ಕೆ ಬರುತ್ತಿದ್ದವು. ನನಗೆ 2.75 ಲಕ್ಷಕ್ಕೆ ಬಂತು. ಎರಡು ಟನ್ ದಾಟಿದ ಗಾಡಿ, ಭಾರಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಇಂಜಿನ್, ಒಳಗೆ ಎಸಿ, ಬಟನ್ ಒತ್ತಿದರೆ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ. ನೋಡಿದವರೆಲ್ಲ ಬೆರಗಾದರು.

ಗಾಡಿ ಬೇರೆ ರಾಜ್ಯಕ್ಕೆ ತರಲು ಬೇಕಾದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬರಲು ಐದು ತಿಂಗಳು ಹಿಡಿಯಿತು. ಸಾಗಾಟ, ನಮ್ಮ ರಾಜ್ಯದ ಆಜೀವ ತೆರಿಗೆ, ಏಜೆಂಟರ ಖರ್ಚು ಸೇರಿ ಹತ್ತಿರ ಹತ್ತಿರ 90 ಸಾವಿರ. ಅಷ್ಟು ಹೊತ್ತಿಗೆ ಇಂಜೆಕ್ಟರ್ ಹೋಗಿದ್ದವು. ಅದು ಗಾಡಿಯ ತಪ್ಪು ಅಂತ ನಾನು ಹೇಳಲ್ಲ. ಹಳ್ಳಿಯಲ್ಲಿ ಬ್ಯಾರೆಲ್ಲಿನ ಡೀಸೆಲ್, ಕ್ಯಾನಿನ ಡೀಸೆಲ್ ಹಾಕುತ್ತೇವಲ್ಲ, ಅದರಲ್ಲಿ ನೀರೂ ಇರುತ್ತದೆ, ಧೂಳೂ ಇರುತ್ತದೆ. ಸಾವಿರ ಬಾರ್‌ಗೂ ಮೇಲಿನ ಒತ್ತಡದಲ್ಲಿ ಕೂದಲಿನಷ್ಟು ತೂತಿನಿಂದ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಅದನ್ನು ತಡೆಯಲ್ಲ. ಒಂದಕ್ಕೆ 18 ಸಾವಿರ ಅಂದರು. ನಾಲ್ಕು ಹಾಕಿಸಿದೆ. ಆಮೇಲೆ ಟರ್ಬೊ 30 ಸಾವಿರ ಚಿಲ್ಲರೆ. ಕಡೆಗೆ 2020ರಲ್ಲಿ 1.7 ಲಕ್ಷಕ್ಕೆ ಕೊಟ್ಟುಬಿಟ್ಟೆ. ಲೆಕ್ಕ ಹಾಕಿದರೆ ಮೂರು ಲಕ್ಷ ಹೋಯಿತು. ಅದಕ್ಕಿಂತ ಬೇಸರದ ಮಾತು ಬೇರೆ ಇದೆ. ಆ ಗಾಡಿ ಎರೆ ಹೊಲದಲ್ಲಿ ಒಂದು ಸಲವೂ ನನ್ನನ್ನು ದಾಟಿಸಲಿಲ್ಲ. ಇಂಜಿನ್‌ಗೆ ಬಲ ಇತ್ತು, ಆದರೆ ತೂಕ ಅದನ್ನು ನುಂಗಿಬಿಡುತ್ತಿತ್ತು.

ಎರಡನೇ ಸಲ ಸಂಡೂರು ಕಡೆ ಹೋದೆ. ಗಣಿಯಲ್ಲಿ ಓಡಿದ ಫೋರ್ ಬೈ ಫೋರ್ ಪಿಕಪ್. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಹಾಗೇ ನಿಂತು, ಆಮೇಲೆ ಕೈ ಬದಲಾಗುತ್ತಾ ಬಂದ ಗಾಡಿ. ಬಣ್ಣ ಹೊಸದು, ಸೀಟು ಹೊಸದು. ಖುಷಿಯಲ್ಲಿ 20 ಸಾವಿರ ಮುಂಗಡ ಕೊಟ್ಟೆ. ಮರುದಿನ ನಮ್ಮ ಮೆಕ್ಯಾನಿಕ್ ಉಸ್ತಾದ್ ಬಂದು ಏರ್ ಫಿಲ್ಟರ್ ಡಬ್ಬಿಯಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪ್ ಬಿಚ್ಚಿದರು. ಒಳಗೆ ಬೆರಳಾಡಿಸಿ ನನಗೆ ತೋರಿಸಿದರು. ಬೆರಳು ಕೆಂಪಾಗಿತ್ತು, ಅದಿರಿನ ಧೂಳು. ಫಿಲ್ಟರ್ ದಾಟಿದ ಮೇಲೆ ಧೂಳು ಇದೆ ಅಂದರೆ ಇಂಜಿನ್ ಒಳಗಿನ ಬೋರ್, ರಿಂಗ್ ಎಲ್ಲಾ ಸವೆದಿದೆ ಅಂತಲೇ ಅರ್ಥ. ಚಾಸಿಯಲ್ಲಿ ಹಿಂದಿನ ಪಾಟಾ (ಸ್ಪ್ರಿಂಗ್ ಪ್ಲೇಟು) ಕೂರುವ ಜಾಗಕ್ಕೆ ಪಟ್ಟಿ ಕೊಟ್ಟು ವೆಲ್ಡಿಂಗ್ ಮಾಡಿ, ಮೇಲೆ ಕರಿ ಬಣ್ಣ ಬಳಿದಿದ್ದರು. ಮುಂಗಡ ವಾಪಸ್ ಬರಲಿಲ್ಲ. ಆದರೆ ಆ 20 ಸಾವಿರಕ್ಕೆ ಕಲಿತ ಬೆರಳಿನ ಪರೀಕ್ಷೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಅದನ್ನು ಮಾಡುತ್ತೇನೆ.

ಉಸ್ತಾದ್ ವಾಪಸ್ ಬರುವಾಗ ಹೇಳಿದ ಮಾತಿನಿಂದಲೇ ನನ್ನ ಲೆಕ್ಕ ತಿರುಗಿದ್ದು. "ಭಾಯಿ, ಇಂಜಿನ್ ನಾನು ನಾಲ್ಕು ದಿನದಾಗ ಕಟ್ಟಿ ಕೊಡ್ತೀನಿ. ಫೋರ್ ವೀಲಿನ ಹಲ್ಲಿನ ಡಬ್ಬಿ ಹೋತಂದ್ರ ಸಾಮಾನು ಎಲ್ಲಿಂದ ತರ್ತೀರಿ?"

ನಾವೆಲ್ಲ ಉಲ್ಟಾ ನೋಡುತ್ತೇವೆ. ಇಂಜಿನ್ ಶಬ್ದ ಕೇಳುತ್ತೇವೆ, ಹೊಗೆ ನೋಡುತ್ತೇವೆ, ಬಾಡಿ ನೋಡುತ್ತೇವೆ. ಫೋರ್ ವೀಲ್ ಕೋಲನ್ನು ಒಮ್ಮೆ ಎಳೆದು "ಬೀಳತೈತಿ" ಅಂತ ಬಿಟ್ಟುಬಿಡುತ್ತೇವೆ. ನಾನು ಅಡಿಯಿಂದ ಶುರು ಮಾಡಲು ನಿರ್ಧರಿಸಿದೆ. ಮೊದಲು ಟ್ರಾನ್ಸ್‌ಫರ್ ಕೇಸ್, ಅಂದರೆ ಉಸ್ತಾದ್ ಹೇಳಿದ ಆ ಹಲ್ಲಿನ ಡಬ್ಬಿ, ಆಮೇಲೆ ಹಿಂದೆ ಮುಂದೆ ಚಕ್ರಗಳ ನಡುವೆ ಹಲ್ಲು ಕೂತಿರುವ ಎರಡು ಹೌಸಿಂಗ್, ಮುಂದಿನ ಆಕ್ಸಲ್. ಆಮೇಲೆ ಚಾಸಿ. ಇಂಜಿನ್ ಮೂರನೆಯದು. ಬಾಡಿ ಕೊನೆಗೆ. ದುಡ್ಡಿನಲ್ಲೂ ಒಂದು ನಿಯಮ ಮಾಡಿಕೊಂಡೆ. ಕೈಯಲ್ಲಿ ಐದು ಲಕ್ಷ ಇದ್ದರೆ ಗಾಡಿಗೆ ಮೂರೂವರೆ, ಹೆಚ್ಚೆಂದರೆ 3.6. ಉಳಿದದ್ದು ರಿಪೇರಿಗೆ ಅಂತ ಬ್ಯಾಂಕಿನಲ್ಲೇ ಇರಬೇಕು. ಪೂರಾ ಐದು ಲಕ್ಷದ ಗಾಡಿ ತಂದು, ಮೊದಲ ಮಳೆಗೆ ಕ್ಲಚ್ ಹೋಗಿ, ಬಡ್ಡಿಗೆ ಸಾಲ ತಂದವರನ್ನು ನಮ್ಮ ಕಡೆಯೇ ಮೂರು ಜನ ನೋಡಿದ್ದೇನೆ.

ಯಾವ ಊರಿನ ಗಾಡಿ ನೋಡಬೇಕು ಅನ್ನುವುದರಲ್ಲೂ ನನ್ನದೊಂದು ಅಭಿಪ್ರಾಯ ಇದೆ. ಇದನ್ನು ಯಾರೂ ಒಪ್ಪಲಿಲ್ಲ. ರಾಯಚೂರು, ಕೊಪ್ಪಳದ ಗಾಡಿಗೆ ತುಕ್ಕು ಇರಲ್ಲ, ಒಣ ಹವೆ. ಆದರೆ ಫೋರ್ ವೀಲ್ ವರ್ಷಗಟ್ಟಲೆ ಹಾಕಿರುವುದೇ ಇಲ್ಲ. ಸೀಲು ಒಣಗಿ, ಕೋಲು ಬಿಗಿದುಕೊಂಡಿರುತ್ತದೆ. ಇಲ್ಲವೇ ಗೊತ್ತಿಲ್ಲದವರು ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡೇ ಓಡಿಸಿ ಹಲ್ಲು ತಿಂದಿರುತ್ತಾರೆ. ಮಲೆನಾಡಿನ ತೋಟದ ಗಾಡಿ ಹಾಗಲ್ಲ. ಅಲ್ಲಿ ಮಳೆಗಾಲ ಪೂರ್ತಿ ಫೋರ್ ವೀಲ್ ಬೇಕೇ ಬೇಕು, ಓಡಿಸುವವರಿಗೂ ಅದರ ಹದ ಗೊತ್ತು. ಆದರೆ ನೆಲದ ತಗಡು ತುಕ್ಕು ತಿಂದಿರುತ್ತದೆ. ಆ ತುಕ್ಕು ನೋಡಿ ನಮ್ಮವರು ಓಡಿಹೋಗುತ್ತಾರೆ. ತಗಡು ಬದಲಿಸಲು ನಮ್ಮಲ್ಲಿ 20 ಸಾವಿರ ಸಾಕು ಅಲ್ವಾ? ನಾನು ಮೂಡಿಗೆರೆಗೆ ಬಸ್ ಹತ್ತಿದೆ.

ಅಲ್ಲಿ ನೋಡಿದ್ದು ಕಾಫಿ ತೋಟದಲ್ಲಿದ್ದ 2012ರ ಮಹೀಂದ್ರಾ ಥಾರ್ ಡಿಐ, ಫೋರ್ ಬೈ ಫೋರ್. ಕಾಮನ್ ರೈಲ್ ಇಂಜಿನ್ನಿನ ಸಿಆರ್‌ಡಿಇ ಅಲ್ಲ. ಅದು 105 ಎಚ್‌ಪಿ, ಇದು ಬರೀ 63. ಗೆಳೆಯರು "63ರಲ್ಲಿ ಏನು ಎಳೆಯುತ್ತೆ" ಅಂತ ಕೇಳಿದರು. ನಿಧಾನಕ್ಕೆ ಹೋಗಿ ಜೋರಾಗಿ ಎಳೆಯುವ ಲೋ ಗೇರ್ ಇದ್ದರೆ 63 ಧಾರಾಳ. ಹಳೇ ಕಾಲದ ಪಂಪು, ನಾಜಲ್. ಸಿಂಧನೂರಿನಲ್ಲೇ ಪಂಪ್ ಕೆಲಸ ಮಾಡುವವರಿದ್ದಾರೆ. ನಾಲ್ಕೂ ಕಡೆ ಪಾಟಾ ಇರುವುದರಿಂದ ಕೂತವರ ಸೊಂಟಕ್ಕೆ ಸ್ವಲ್ಪ ಕಷ್ಟ, ಆದರೆ ಮುರಿದರೆ ಯಾವ ಊರಿನಲ್ಲೂ ಪ್ಲೇಟ್ ಸಿಗುತ್ತದೆ.

ನೋಡಿದ ಕ್ರಮ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೇ ಹೋದೆ. ಬಾನೆಟ್ ಎತ್ತಿ ಇಂಜಿನ್ ಮುಟ್ಟಿದೆ, ತಣ್ಣಗಿತ್ತು. ಬಿಸಿ ಇದ್ದಿದ್ದರೆ ಅಲ್ಲಿಂದಲೇ ವಾಪಸ್ ಬರುತ್ತಿದ್ದೆ. ಬೆರಳಿನ ಪರೀಕ್ಷೆ ಮಾಡಿದೆ, ಪೈಪ್ ಒಳಗೆ ಸ್ವಚ್ಛ. ಆಮೇಲೆ ನನ್ನ ಚೀಲದಿಂದ ಇಪಿ 90 ಗೇರ್ ಆಯಿಲ್‌ನ 5 ಲೀಟರ್ ಕ್ಯಾನ್ ತೆಗೆದೆ. ಅದನ್ನು ಬಸ್ಸಿನಲ್ಲಿ ಹೊತ್ತುಕೊಂಡೇ ಹೋಗಿದ್ದೆ. "ಗೌಡ್ರೇ, ಹೌಸಿಂಗ್ ಆಯಿಲ್ ಇಳಿಸಿ ನೋಡ್ತೀನಿ, ಹೊಸದು ನಾನೇ ಹಾಕಿಕೊಡ್ತೀನಿ" ಅಂದೆ. ಅವರು ಒಪ್ಪಿದರು. ಹಾಲು ಬೆರೆತಂತೆ ಇದ್ದರೆ ನೀರು ಹೊಕ್ಕಿದೆ ಅಂತ. ಉಗುರಿನ ಚೂರಿನಂಥ ಕಬ್ಬಿಣ ಬಂದರೆ ಹಲ್ಲು ಹೋಗಿದೆ ಅಂತ. ಬಂದದ್ದು ಕಪ್ಪು ಎಣ್ಣೆ, ಬೆರಳಲ್ಲಿ ಉಜ್ಜಿದರೆ ಬೂದಿಯಂಥ ನುಣ್ಣನೆ ಪುಡಿ. ಅದು ಸಹಜ ಸವೆತ.

ಆಮೇಲೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆಫ್, ಗೇರಿನಲ್ಲಿಟ್ಟು, ಫೋರ್ ವೀಲ್ ಹಾಕಿ, ಮುಂದಿನ ಒಂದು ಚಕ್ರ ಮಾತ್ರ ಜಾಕ್ ಎತ್ತಿದೆ. ಆ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ತಿರುಗಿ ನಿಲ್ಲಬೇಕು. ನಿಲ್ಲದೆ ಸುತ್ತಿದರೆ ಮುಂದಿನ ಚಕ್ರಕ್ಕೆ ಬಲವೇ ಹೋಗುತ್ತಿಲ್ಲ. ನಿಂತರೂ ಎಷ್ಟು ಆಟ ಕೊಟ್ಟು ನಿಂತಿತು ಅನ್ನುವುದು ಮುಖ್ಯ. ಕ್ರಾಸ್ (ಶಾಫ್ಟಿನ ಕೀಲು), ಹೌಸಿಂಗ್, ಡಬ್ಬಿ ಮೂರರ ಸವೆತವೂ ಅಲ್ಲೇ ಕಾಣುತ್ತದೆ. ಇದರಲ್ಲಿ ಎರಡು ಬೆರಳಿನಷ್ಟಿತ್ತು. ಅಂಗೈ ಅಗಲ ಆಡಿದ ಗಾಡಿಗಳನ್ನು ಅದಕ್ಕೂ ಮೊದಲು ನಾಲ್ಕು ಬಿಟ್ಟು ಬಂದಿದ್ದೆ. ನಾಲ್ಕು ಟೈರೂ ಒಂದೇ ಅಳತೆ, ಒಂದೇ ಸವೆತ ಇತ್ತು. ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ ಹಾಕಿ ಫೋರ್ ವೀಲ್ ಓಡಿಸಿದ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ.

ಚಕ್ರ ಅಲ್ಲಾಡಿಸಿದಾಗ ಕಿಂಗ್ ಪಿನ್ ಬೇರಿಂಗ್, ಅಂದರೆ ಮುಂದಿನ ಚಕ್ರ ಎಡಬಲ ಹೊರಳುವ ಕೀಲಿನ ಬೇರಿಂಗ್, ಹೋಗಿದ್ದು ಗೊತ್ತಾಯಿತು. ಕ್ಲಚ್ ಕೂಡ ಮುಗಿಯುವ ಹಂತ. ನೆಲದ ತಗಡಿನಲ್ಲಿ ಕಾಲು ತೂರುವಷ್ಟು ತೂತು. ಇವೆಲ್ಲ ಬೆಲೆ ಇಳಿಸಲು ನನಗೆ ಬೇಕಾಗಿದ್ದವೇ. 4.2 ಲಕ್ಷ ಹೇಳಿದ್ದರು, 3.6ಕ್ಕೆ ಮುಗಿಯಿತು. ಅಷ್ಟು ಇಳಿದದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಮಾಲೀಕರನ್ನು ನೋಡುವ ಮೊದಲು ಅದೇ ಊರಿನಲ್ಲಿ ಇನ್ನೊಬ್ಬರನ್ನು ಮಾತಾಡಿಸುತ್ತೇನೆ. ಯಾರನ್ನು, ಏನು ಕೇಳುತ್ತೇನೆ ಅನ್ನುವುದನ್ನು ಬರೆಯಲ್ಲ. ಮಾರುವವರೂ ಇದನ್ನು ಓದುತ್ತಾರೆ.

ಕಾಗದದ ಕೆಲಸ ಸಲೀಸು. ನಮ್ಮ ರಾಜ್ಯದ್ದೇ ಗಾಡಿ, ಮತ್ತೆ ತೆರಿಗೆ ಇಲ್ಲ. ಸಾಲ ಇರಲಿಲ್ಲ. ಹೆಸರು ಬದಲಾವಣೆಯ 29, 30ನೇ ಫಾರಂ, ಅಷ್ಟೇ.

ನಾನೂರು ಕಿಲೋಮೀಟರ್ ದಾಟಿ ಓಡಿಸಿಕೊಂಡು ಬಂದೆ, ಎಲ್ಲೂ ಅರವತ್ತು ದಾಟಿಸಲಿಲ್ಲ. ಬಂದ ಮೇಲಿನ ಖರ್ಚು ನೆನಪಿನಿಂದ ಹೇಳುತ್ತೇನೆ. ಕಿಂಗ್ ಪಿನ್ ಬೇರಿಂಗ್, ಸೀಲು 14 ಸಾವಿರ. ಕ್ಲಚ್ ಸೆಟ್ ಕೂಲಿ ಸೇರಿ 11. ಟಿಂಕರಿಂಗ್ 22. ಬ್ರೇಕ್ 8. ಟೈರು, ರಿಮ್ಮು 38. ಓಡಾಟ, ಕಾಗದ ಎಲ್ಲಾ 13ರ ಹತ್ತಿರ. ಒಟ್ಟು 4 ಲಕ್ಷ 65 ಸಾವಿರದ ಆಸುಪಾಸು. ಐದು ಲಕ್ಷದಲ್ಲಿ ಇನ್ನೂ ಉಳಿಯಿತು.

ಟೈರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲೇ ಜಾಸ್ತಿ ಜಗಳ ಆಗಿದ್ದು. ಎಲ್ಲರೂ ಅಗಲ ಟೈರು ಹಾಕಿಸು ಅಂದರು. ಗೆಳೆಯನ ಅಗಲದ ಮಡ್ ಟೈರು ಒಂದು ವಾರ ತಂದು ಹಾಕಿ ನೋಡಿದೆ. ಮಸಾರಿಯಲ್ಲಿ, ಹಳ್ಳದ ಮರಳಿನಲ್ಲಿ ಚೆನ್ನಾಗಿ ಹೋಯಿತು. ಎರೆಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಕಚ್ಚುಗಳೆಲ್ಲ ತುಂಬಿ ನುಣ್ಣಗಾಯಿತು. ನಮ್ಮ ಎರೆ ಬರೀ ಜಾರಲ್ಲ, ಅಂಟುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಆಗ ಯಾವ ಎಚ್‌ಪಿಯೂ ಕೆಲಸಕ್ಕೆ ಬರಲ್ಲ. ಅದಕ್ಕೆ ಹಳೇ ಜೀಪಿನ 16 ಇಂಚಿನ ರಿಮ್ ಹುಡುಕಿ, 6.00-16 ತೆಳು ಟೈರು, ಮಿಲಿಟರಿ ಕಚ್ಚಿನದು ಹಾಕಿಸಿದೆ. ಒಂದು ದಿನದ ಮಳೆಗೆ ಮೇಲಿನ ಅರ್ಧ ಗೇಣು ಮಾತ್ರ ಹಸಿ ಆಗಿರುತ್ತದೆ. ತೆಳು ಟೈರು ಅದನ್ನು ಕೊಯ್ದುಕೊಂಡು ಕೆಳಗಿನ ಒಣ ನೆಲ ಹಿಡಿಯುತ್ತದೆ. ಪಕ್ಕದಲ್ಲಿ ಜಾಗ ಇರುವುದರಿಂದ ಮಣ್ಣು ತಾನೇ ಉದುರುತ್ತದೆ. ಮೂರು ನಾಲ್ಕು ದಿನ ಸತತ ಸುರಿದರೆ ಮಾತ್ರ ಹೋಗಲ್ಲ. ಆಗ ನಾನೂ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ನಡೆಯುತ್ತೇನೆ.

ಗಾಳಿ ಇಳಿಸಿಯೂ ನೋಡಿದೆ. 18 ಪಿಎಸ್‌ಐಗೆ ಇಳಿಸಿದರೆ ಮರಳಲ್ಲಿ ಬಹಳ ಲಾಭ, ಎರೆಯಲ್ಲಿ ಅಷ್ಟೇನೂ ಇಲ್ಲ. ತೆಂಗಿನ ನಾರಿನ ಹಗ್ಗ ಟೈರಿಗೆ ಸುತ್ತಿ ನೋಡಿದೆ. ಇನ್ನೂರು ಅಡಿ ಅದ್ಭುತವಾಗಿ ಎಳೆಯಿತು. ಆಮೇಲೆ ಹಗ್ಗ ಹರಿದು ಆಕ್ಸಲ್‌ಗೆ ಸುತ್ತಿಕೊಂಡು ಬ್ರೇಕ್ ಪೈಪ್ ಕಿತ್ತಿತು. ಅದನ್ನು ಯಾರೂ ಮಾಡಬೇಡಿ. ಚೆನ್ನಾಗಿ ನಡೆದದ್ದು ಭತ್ತದ ಹೊಟ್ಟು. ಸಿಂಧನೂರು, ಕಾರಟಗಿ ರೈಸ್ ಮಿಲ್‌ಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಒಂದು ಚೀಲ ಯಾವಾಗಲೂ ಹಿಂದೆ ಇರುತ್ತದೆ. ಚಕ್ರದ ಮುಂದೆ ಎರಡು ಬೊಗಸೆ ಹಾಕಿದರೆ ಎರೆ ಅಂಟುವುದು ಕಮ್ಮಿ ಆಗುತ್ತದೆ. ಅದರ ಜೊತೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈವರೆಗೆ 50 ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ. ರಸ್ತೆಯಲ್ಲಿ ಲೀಟರಿಗೆ 13 ಕಿಲೋಮೀಟರ್ ಕೊಡುತ್ತದೆ, ಹೊಲದ ಕೆಲಸ ಜಾಸ್ತಿ ಇದ್ದ ದಿನ 9. ಡೀಸೆಲ್ ಫಿಲ್ಟರ್ ಹೇಳಿದ್ದಕ್ಕಿಂತ ಮೊದಲೇ ಬದಲಿಸುತ್ತೇನೆ, ಅದರಲ್ಲಿ ನಿಂತ ನೀರು ವಾರಕ್ಕೊಮ್ಮೆ ಇಳಿಸುತ್ತೇನೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹಳ್ಳದ ಮರಳಿಗೆ ಇಳಿಸಿ ಫೋರ್ ವೀಲ್ ಹಾಕಿ ಓಡಿಸುತ್ತೇನೆ, ಸೀಲು ಒಣಗಬಾರದು ಅಂತ. ನಾಜಲ್ ಒಮ್ಮೆ ಕ್ಲೀನ್ ಮಾಡಿಸಿದೆ, 2,800 ರೂಪಾಯಿ ಆಯಿತು. ರೇಡಿಯೇಟರ್ ಒಮ್ಮೆ ಬಿಚ್ಚಿ ತೊಳೆಸಿದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಮಲೆನಾಡಿನ ಗಾಡಿ ಒಗ್ಗಲು ಅಷ್ಟಾದರೂ ಬೇಕಾಗಿತ್ತು.

2027ಕ್ಕೆ 15 ವರ್ಷ ತುಂಬುತ್ತದೆ. ಮರು ನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 600ರ ಬದಲು 5,000 ಆಗಿದೆ, ಮೇಲೆ ಹಸಿರು ತೆರಿಗೆ ಬೇರೆ. ಕಟ್ಟಿ ಇಟ್ಟುಕೊಳ್ಳುತ್ತೇನೆ. ಬರುವ ಭಾನುವಾರ ಕಾಕಾನ ಜೊತೆ ಸಕಲೇಶಪುರಕ್ಕೆ ಹೋಗಬೇಕಾಗಿದೆ. ಅಲ್ಲೊಂದು ಡಿಐ ಇದೆಯಂತೆ. ಇಪಿ 90 ಕ್ಯಾನನ್ನು ಕಾಕಾ ಆಗಲೇ ತಂದಿಟ್ಟಿದ್ದಾರೆ.